ಕತ್ತರಿಸಿದ್ದು ಲೇಸರ್, ಹೌದು, ಮುಂದೆ ಹೇಳಿ

ಲೇಸರ್ ಯಂತ್ರದಲ್ಲಿ ಕತ್ತರಿಸಿದ ಮರದ ಓಲೆ, ಪದಕ, ಗೋಡೆಗೆ ತೂಗುಹಾಕುವ ಅಲಂಕಾರಗಳನ್ನು ಕರಕುಶಲ ಸಂತೆಗಳಿಂದ ಹೊರಗಿಡಬೇಕೆಂಬ ಮಾತು ಈಗ ಗುಸುಗುಸುವಾಗಿ ಉಳಿದಿಲ್ಲ; ಕೆಲವು ಸಂತೆಗಳ ಅರ್ಜಿಯಲ್ಲೇ ಷರತ್ತಾಗಿ ಬಂದು ಕೂತಿದೆ. ಮಳಿಗೆಯ ಮುಂದೆ ನಿಂತವರೂ ಓಲೆಯನ್ನು ತಿರುಗಿಸಿ, ಅಂಚಿನ ಕಂದು ಗೆರೆ ಕಂಡೊಡನೆ ‘ಓ, ಲೇಸರ್ರಾ?’ ಎಂದು ಕೆಳಗಿಡುತ್ತಾರೆ. ಕೆಳಗಿಡುವುದು ಕೊಳ್ಳುವವರ ಹಕ್ಕು, ಅದಕ್ಕೆ ನನ್ನ ತಕರಾರಿಲ್ಲ. ಷರತ್ತು ಬರೆದವರು ಮಾತ್ರ ಅದಕ್ಕೆ ಕಾರಣಗಳನ್ನೂ ಕೊಟ್ಟಿದ್ದಾರೆ. ಕಾರಣ ಕೊಟ್ಟ ಮೇಲೆ ಉತ್ತರ ಕೇಳಿಸಿಕೊಳ್ಳಬೇಕಾಗುತ್ತದೆ. ನಾನು ಈ ಕಸುಬಿನವಳೇ. ಮೈಸೂರಿನಲ್ಲಿ ಮನೆಯ ಹಿಂದಿನ ಕೋಣೆಯಲ್ಲಿ ಮರದ ಓಲೆ, ಸರ ಮಾಡಿ ಮಾರುತ್ತೇನೆ. ಹಾಗಾಗಿ ತಟಸ್ಥಳ ಸೋಗು ಹಾಕುವುದಿಲ್ಲ. ಎದುರು ಪಕ್ಷದವರ ಮಾತು ನಿಜವಿರುವ ಕಡೆ ನಿಜ ಎಂದೇ ಹೇಳುತ್ತೇನೆ. ಅಂಥ ಜಾಗಗಳು ಇವೆ, ಮತ್ತು ಅವು ಸಣ್ಣವಲ್ಲ.

ಮೊದಲನೆಯದು ಎಲ್ಲರ ಬಾಯಲ್ಲಿರುವ ಆಕ್ಷೇಪ: ಕತ್ತರಿಸಿದ್ದು ಯಂತ್ರ, ಆದ್ದರಿಂದ ಇದು ಕೈಕೆಲಸವಲ್ಲ.

ಚನ್ನಪಟ್ಟಣದ ಬೊಂಬೆ ಕೈಕೆಲಸವಲ್ಲ ಎನ್ನುವವರು ಈ ನಾಡಿನಲ್ಲಿ ಇರಲಾರರು. ಅಲ್ಲಿನ ಎಷ್ಟೋ ಕೆಲಸದ ಮನೆಗಳಲ್ಲಿ ಹಾಲೆ ಮರದ ತುಂಡನ್ನು ತಿರುಗಿಸುವುದು ವಿದ್ಯುತ್ ಮೋಟಾರು. ಹಿಂದೆ ಕೈಯಿಂದ ಎಳೆದು ತಿರುಗಿಸುವ ಲೇತ್ ಇತ್ತು, ಆಮೇಲೆ ಮೋಟಾರು ಬಂತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ, ತಾಳೆಗರಿ ಹಿಡಿದರೆ ಹೊಳಪು ಏರುತ್ತದೆ. ಆ ಬಿಸಿ ಹುಟ್ಟುವುದೂ ಮೋಟಾರಿನ ವೇಗದಿಂದಲೇ. ಚನ್ನಪಟ್ಟಣದ ಕಸುಬನ್ನು ಬೆಳೆಸಿದರೆಂದು ಊರು ಇಂದಿಗೂ ನೆನೆಯುವ ಬಾವಾಸ್ ಮಿಯಾ ಅವರು ಕಳೆದ ಶತಮಾನದ ಆರಂಭದಲ್ಲಿ ಜಪಾನಿನ ಅರಗಿನ ಕೆಲಸದ ಕೌಶಲಗಳನ್ನು ಇಲ್ಲಿಗೆ ತಂದವರು. ಹೊಸ ಸಲಕರಣೆ, ಹೊರದೇಶದ ವಿಧಾನ ಎರಡೂ ಬಂದವು, ಕಸುಬು ಸಾಯಲಿಲ್ಲ. ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು.

ಇದಕ್ಕೆ ಎದುರು ಪಕ್ಷದ ಜಾಣರು ಕೊಡುವ ಮರುಮಾತು ಚೆನ್ನಾಗಿದೆ. ‘ಲೇತ್‌ನಲ್ಲಿ ಉಳಿ ಹಿಡಿದಿರುವುದು ಕೈ. ಕೈ ಒಂದು ಕೂದಲೆಳೆ ತಪ್ಪಿದರೆ ಬೊಂಬೆ ಕೆಡುತ್ತದೆ. ನಿಮ್ಮ ಯಂತ್ರ ಕತ್ತರಿಸುವಾಗ ನೀವು ಕಾಫಿ ಕುಡಿಯುತ್ತಿರುತ್ತೀರಿ’ ಎನ್ನುತ್ತಾರೆ. ಇಂಗ್ಲೆಂಡಿನ ಡೇವಿಡ್ ಪೈ 1968ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ವ್ಯತ್ಯಾಸವನ್ನೇ ಇನ್ನೂ ಸ್ಪಷ್ಟವಾಗಿ ಬಿಡಿಸಿಟ್ಟರು. ಮಾಡುತ್ತಿರುವಷ್ಟು ಹೊತ್ತೂ ಕೆಡುವ ಅಪಾಯ ಇರುವ ಕೆಲಸ ಒಂದು, ಫಲಿತಾಂಶ ಮೊದಲೇ ನಿಶ್ಚಯವಾಗಿರುವ ಕೆಲಸ ಇನ್ನೊಂದು. ಲೇಸರ್ ಕತ್ತರಿಕೆ ಎರಡನೆಯ ಗುಂಪಿಗೆ ಸೇರುತ್ತದೆ; ವಾದಿಸಿ ಪ್ರಯೋಜನವಿಲ್ಲ. ಆ ಕೆಲವು ನಿಮಿಷ ನನ್ನ ಕೈ ಖಾಲಿ. (ಕಾಫಿ ಕುಡಿಯಲು ಹೋಗುವುದಿಲ್ಲ, ಅಷ್ಟೆ. ಮರದ ಹಾಳೆಗೆ ಬೆಂಕಿ ಹತ್ತುವ ಸಾಧ್ಯತೆ ಯಾವಾಗಲೂ ಇರುವುದರಿಂದ ಯಂತ್ರದ ಪಕ್ಕ ಬಿಟ್ಟು ಕದಲುವಂತಿಲ್ಲ.) ಆದರೆ ಪೈ ಈ ಎರಡು ಬಗೆಗಳನ್ನು ಹೇಳಿದ್ದು ಒಂದನ್ನು ಗುಡಿಯೊಳಗೆ ಕೂರಿಸಿ ಇನ್ನೊಂದನ್ನು ಹೊರಗೆ ನಿಲ್ಲಿಸಲಿಕ್ಕಲ್ಲ, ಎಷ್ಟೋ ಕೆಲಸಗಳಲ್ಲಿ ಎರಡೂ ಬೆರೆತೇ ಇರುತ್ತವೆ. ಕತ್ತರಿಸುವ ಮುಂಚಿನದೂ ಆಮೇಲಿನದೂ ಯಾರ ಕೆಲಸ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಎದುರು ಪಕ್ಷದವರು ಅಲ್ಲಿಗೆ ಬರುವ ಮೊದಲೇ ಮಾತು ನಿಲ್ಲಿಸಿಬಿಡುತ್ತಾರೆ.

ನಿಯಮ ಬರೆಯುವವರು ಅಲ್ಲಿಗೆ ಬಂದಿದ್ದಾರೆ. 1997ರಲ್ಲಿ ಮನಿಲಾದಲ್ಲಿ ನಡೆದ ಯುನೆಸ್ಕೋ ಸಮಾವೇಶ ಕರಕುಶಲ ವಸ್ತುವಿಗೆ ಕೊಟ್ಟ ವ್ಯಾಖ್ಯೆಯಲ್ಲಿ ಕೈಸಲಕರಣೆಗೂ ಯಂತ್ರದ ನೆರವಿಗೂ ಜಾಗವಿದೆ. ತಯಾರಾದ ವಸ್ತುವಿನಲ್ಲಿ ಕುಶಲಕರ್ಮಿಯ ಕೈಯ ಪಾಲೇ ಮುಖ್ಯವಾಗಿ ಉಳಿದಿರಬೇಕೆಂಬುದು ಷರತ್ತು. ನಮ್ಮ ಜಿಎಸ್‌ಟಿಯಲ್ಲಿ 2018ರಲ್ಲಿ ಬಂದ ಕರಕುಶಲ ವಸ್ತುಗಳ ವಿವರಣೆಯೂ ಅದೇ ಜಾಡಿನದು: ಸಲಕರಣೆ, ಯಂತ್ರ ಬಳಸಿದ್ದರೂ ಪ್ರಧಾನವಾಗಿ ಕೈಯಿಂದ ಆಗಿರಬೇಕು, ಅಲಂಕರಣದ ಕೆಲಸ ಗಣನೀಯವಾಗಿರಬೇಕು, ಯಂತ್ರದಲ್ಲೇ ತಯಾರಾದ ಅಂಥದೇ ಸರಕಿನಿಂದ ಬೇರೆಯಾಗಿ ಕಾಣಬೇಕು.

ಇವೆರಡನ್ನೇ ಮುಂದೊಡ್ಡಿ ಗೆದ್ದೆ ಎಂದು ಕೂರಬಹುದಿತ್ತು. ಆದರೆ ನನ್ನ ವಿರುದ್ಧದ ಸಾಕ್ಷಿಯೂ ಇದೆ, ಅದನ್ನೂ ನಾನೇ ಹಾಜರುಪಡಿಸುತ್ತೇನೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಡವೆ ವ್ಯಾಪಾರಕ್ಕೆಂದು ಹೊರಡಿಸಿದ ಮಾರ್ಗಸೂಚಿ ಬಹಳ ಬಿಗಿ. ಒಡವೆಯನ್ನು ‘ಹ್ಯಾಂಡ್‌ಮೇಡ್’ ಎಂದು ಮಾರಬೇಕಾದರೆ ಆಕಾರ ಕೊಡುವುದು, ನಯಗೊಳಿಸುವುದು ಎಲ್ಲವೂ ಕೈಯಿಂದ, ಇಲ್ಲವೇ ಕೈಹಿಡಿತದಲ್ಲಿರುವ ವಿಧಾನದಿಂದಲೇ ಆಗಬೇಕು. ಒಂದೊಂದು ವಸ್ತುವಿನ ಒಂದೊಂದು ಭಾಗವನ್ನೂ ಮಾಡುವವರು ತಮ್ಮಿಚ್ಛೆಯಂತೆ ಬದಲಿಸಲು ಸಾಧ್ಯವಿರಬೇಕು. ಈ ಅಳತೆಗೋಲಿನಲ್ಲಿ ನನ್ನ ಓಲೆ ಉತ್ತೀರ್ಣವಾಗುವುದಿಲ್ಲ. ಅಲ್ಲಿಗೆ ಕಳಿಸುವ ಓಲೆಯ ಚೀಟಿಯ ಮೇಲೆ ಆ ಪದ ಹಾಕಬಾರದು. ಇಲ್ಲೂ ನಾನು ಹಾಕುವುದಿಲ್ಲ. ‘ಲೇಸರ್‌ನಲ್ಲಿ ಕತ್ತರಿಸಿ, ಕೈಯಿಂದ ಬಣ್ಣ ಬರೆದು ಜೋಡಿಸಿದ್ದು’ ಎಂದು ಬರೆಯುತ್ತೇನೆ. ಇಷ್ಟು ಬರೆಯಲಾಗದವರ ಮೇಲೆ ಸಂತೆಯವರು ಬಾಗಿಲು ಹಾಕಲಿ. ಬೆಂಬಲಕ್ಕೆ ನಾನೂ ಬರುತ್ತೇನೆ. ಆದರೆ ಚೀಟಿಯ ಮೇಲೆ ಏನು ಬರೆಯಬೇಕು ಎನ್ನುವುದು ಒಂದು ಪ್ರಶ್ನೆ, ಮಳಿಗೆ ಕೊಡಬೇಕೇ ಬೇಡವೇ ಎನ್ನುವುದು ಬೇರೆಯೇ ಪ್ರಶ್ನೆ. ಮೊದಲನೆಯದರಲ್ಲಿ ಗೆದ್ದವರು ಎರಡನೆಯದರಲ್ಲೂ ಗೆದ್ದೆವೆಂದು ಎದ್ದು ಹೋಗುವಂತಿಲ್ಲ.

ಅಂದ ಹಾಗೆ, ಲೇಸರ್ ಮುಟ್ಟಿದ ಒಡವೆ ಬೇಡವೆನ್ನುವವರು ತಮ್ಮ ಹೊಸ ಚಿನ್ನದ ಬಳೆಯ ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿಕೊಳ್ಳಬೇಕು. 2023ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವ ಹಾಲ್‌ಮಾರ್ಕಿನ ಆರು ಅಕ್ಷರ-ಅಂಕಿಗಳ ಗುರುತನ್ನು ಅಲ್ಲಿ ಕೊರೆಯುವುದು ಲೇಸರ್‌ನಲ್ಲೇ. ಸೂರತ್ತಿನಲ್ಲಿ ವಜ್ರ ಸೀಳುವುದಕ್ಕೂ ಲೇಸರ್ ಬಂದು ಎಷ್ಟೋ ಕಾಲವಾಯಿತು.

ಎರಡನೆಯ ಆಕ್ಷೇಪ: ಗುಂಡಿ ಒತ್ತಿದರೆ ಓಲೆ ಉದುರುತ್ತದೆ, ಇದರಲ್ಲಿ ಕೌಶಲ ಏನಿದೆ?

ಇದನ್ನು ಹೇಳುವವರು ಯಂತ್ರದ ಹತ್ತಿರ ಬಂದವರಲ್ಲ ಎಂಬುದು ಒಂದೇ ವಾಕ್ಯದಲ್ಲಿ ಗೊತ್ತಾಗುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಮ್ಮಂಥವರು ಬಳಸುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಲೇಸರ್. 1960ರಲ್ಲಿ ಥಿಯೊಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ ನಾಲ್ಕು ವರ್ಷಕ್ಕೆ, ಬೆಲ್ ಪ್ರಯೋಗಾಲಯದಲ್ಲಿ ಇದನ್ನು ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಗಾಜಿನ ಕೊಳವೆಯಲ್ಲಿ ಹುಟ್ಟುವ ಕಣ್ಣಿಗೆ ಕಾಣದ ಕಿರಣ ಕನ್ನಡಿಗಳ ಮೇಲೆ ಬಡಿದು ತಿರುಗುತ್ತ ಬಂದು, ಮಸೂರದಲ್ಲಿ ಸೂಜಿಮೊನೆಯಷ್ಟಕ್ಕೆ ಇಳಿದು, ಮರವನ್ನು ಸುಡುತ್ತದೆ. ಕನ್ನಡಿ ಸ್ವಲ್ಪ ಓರೆಯಾದರೂ ಹಾಳೆಯ ಒಂದು ಮೂಲೆಯಲ್ಲಿ ಸಲೀಸಾಗಿ ಕತ್ತರಿಸಿದ್ದು ಇನ್ನೊಂದು ಮೂಲೆಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಕೊಳವೆಯನ್ನು ತಣ್ಣಗಿಡುವ ನೀರು ಬಿಸಿಯಾದರೆ ಕಿರಣ ಸೊರಗುತ್ತದೆ. ಕೊಳವೆ ಹಳೆಯದಾದಂತೆ ಅದರ ಬಲ ಕುಗ್ಗುವುದರಿಂದ ಹೋದ ವರ್ಷ ಬರೆದಿಟ್ಟುಕೊಂಡ ವೇಗ, ಶಕ್ತಿಯ ಲೆಕ್ಕ ಈ ವರ್ಷ ಕೆಲಸಕ್ಕೆ ಬಾರದು. ನಡುವೆ ಕರೆಂಟ್ ಹೋದರಂತೂ, ಹಾಳೆ ಕೂದಲಷ್ಟು ಜರುಗಿದ್ದರೂ ಅದು ಸೌದೆಗೆ ಸೇರಿತು.

ಇದು ಯಂತ್ರದ ಮಾತು. ಮರದ ಮಾತು ಬೇರೆ. ಮೂರು ಮಿಲಿಮೀಟರ್ ಪ್ಲೈವುಡ್ ಹಾಳೆಯೊಳಗೆ ಅಂಟು ಗಟ್ಟಿಯಾಗಿ ಕೂತ ಜಾಗಗಳಿರುತ್ತವೆ. ಹೊರಗಿನಿಂದ ಕಾಣುವುದಿಲ್ಲ, ಕಿರಣ ಅಲ್ಲಿ ತಡವರಿಸುತ್ತದೆ. ಮರದ ಎಳೆಗೆ ಅಡ್ಡವಾಗಿ ಸಣ್ಣ ಎಸಳು ಬಂದರೆ ತೊಟ್ಟ ಮೊದಲ ದಿನವೇ ಮುರಿಯುತ್ತದೆ, ಹಾಗಾಗಿ ಎಸಳಿನ ದಿಕ್ಕು ನೋಡಿ ಚಿತ್ರವನ್ನು ಹಾಳೆಯ ಮೇಲೆ ತಿರುಗಿಸಿ ಕೂರಿಸಬೇಕು. ಕೊಂಡಿಯ ತೂತು ಅಂಚಿಗೆ ಹತ್ತಿರವಾದರೆ ಸೀಳುತ್ತದೆ, ದೂರವಾದರೆ ಓಲೆ ಮುಂದಕ್ಕೆ ವಾಲುತ್ತದೆ. ಕಿರಣ ತಾನು ಹೋದ ದಾರಿಯಲ್ಲಿ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು ಮರವನ್ನು ತಿಂದು ಹಾಕುತ್ತದೆ. ಒಂದರೊಳಗೊಂದು ಕೂರಬೇಕಾದ ತುಂಡುಗಳಿಗೆ ಈ ಲೆಕ್ಕ ಸೇರಿಸದಿದ್ದರೆ ಅವು ಗಡಗಡ ಆಡುತ್ತವೆ.

ಇನ್ನು ಚಿತ್ರ. ರಾಜ್ಯೋತ್ಸವದ ಹೊತ್ತಿಗೆ ಕನ್ನಡ ಅಕ್ಷರದ ಓಲೆ, ಪದಕಗಳಿಗೆ ಬೇಡಿಕೆ ಬರುತ್ತದೆ. ಬಿಡಿಯಾಗಿ ‘ಅ’, ‘ಕ’ ಕತ್ತರಿಸುವುದು ಸುಲಭ. ಯಾರಾದರೂ ‘ಅಕ್ಕ’ ಎಂದು ಕೇಳಲಿ, ಒತ್ತಕ್ಷರ ಕೆಳಗೆ ಬೇರೆಯಾಗಿ ನಿಂತಿರುತ್ತದೆ. ಕತ್ತರಿಸಿದೊಡನೆ ಯಂತ್ರದ ತಟ್ಟೆಯೊಳಗೆ ಬೀಳುತ್ತದೆ. ಅನುಸ್ವಾರ ಉರುಳಿ ಹೋಗುತ್ತದೆ, ‘ಠ’ದ ಹೊಟ್ಟೆಯ ಚುಕ್ಕೆಯೂ ಹೋಗುತ್ತದೆ. ಅವನ್ನೆಲ್ಲ ಓದುವ ಕಣ್ಣಿಗೆ ಎಡವದ ಹಾಗೆ, ಅಕ್ಷರದ ತಿರುವಿಗೆ ಹೊಂದುವ ಹಾಗೆ ಜೋಡಿಸಬೇಕು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಈ ತಾಪತ್ರಯವಿಲ್ಲ, ಅದಕ್ಕೇ ಅಂತರ್ಜಾಲದಲ್ಲಿ ಸಿದ್ಧ ಫೈಲುಗಳು ಅವುಗಳಿಗೇ ಸಿಗುತ್ತವೆ. ಕನ್ನಡದ್ದನ್ನು ಕೂತು ಬರೆಯಬೇಕು. ಫಾಂಟನ್ನು ಗೆರೆಗಳಾಗಿ ಒಡೆದಾಗ ಒಂದರ ಮೇಲೊಂದು ಹಾದಿರುವ ಬಳ್ಳಿಗಳನ್ನು ಬೆಸೆಯದೆ ಬಿಟ್ಟರೆ ಯಂತ್ರ ತಾಳ್ಮೆಯಿಂದ ಎರಡನ್ನೂ ಕತ್ತರಿಸುತ್ತದೆ, ಅಕ್ಷರ ಚೂರಾಗುತ್ತದೆ. ಅಕ್ಷರವೋ ಚೂರೋ ಯಂತ್ರಕ್ಕೆ ಗೊತ್ತಿಲ್ಲ. ಅದನ್ನು ಗೊತ್ತಿಟ್ಟುಕೊಳ್ಳುವುದೇ ನನ್ನ ಕೆಲಸ.

ಕತ್ತರಿಸಿ ತೆಗೆದ ತುಂಡು ಓಲೆಯಲ್ಲ. ಅದರ ಅಂಚು ಮಸಿ. ಹಾಗೇ ತೊಟ್ಟರೆ ಕುತ್ತಿಗೆಗೂ ಬಿಳಿ ಬಟ್ಟೆಗೂ ಹತ್ತುತ್ತದೆ. ಮೇಲ್ಮೈಗೆ ಹೊಗೆಯ ಕಲೆ ಹಿಡಿಯದಿರಲೆಂದು ಮೊದಲೇ ಅಂಟಿಸಿದ ಕಾಗದದ ಟೇಪನ್ನು ಒಂದೊಂದು ಎಸಳಿನಿಂದಲೂ ಉಗುರಲ್ಲಿ ಎಬ್ಬಿಸಬೇಕು. ಸ್ಯಾಂಡ್‌ಪೇಪರನ್ನು ಸಣ್ಣದಾಗಿ ಮಡಿಚಿ ಒಳತಿರುವುಗಳಿಗೆಲ್ಲ ಹಾಯಿಸಬೇಕು. ಆಮೇಲೆ ತಳಬಣ್ಣ, ಕುಂಚ, ವಾರ್ನಿಷ್, ಒಣಗಲು ಕಾಯುವುದು, ಚಿಮಟದಲ್ಲಿ ಕೊಂಡಿ ಬಿಡಿಸಿ ಮುಚ್ಚುವುದು, ಎರಡು ಓಲೆಯನ್ನೂ ಎತ್ತಿ ಹಿಡಿದು ತೂಗಾಟ ನೋಡುವುದು. ಯಂತ್ರದ ಕೆಲಸ ನಿಮಿಷಗಳದ್ದು, ಇದು ದಿನದ್ದು. ಬೇಸರ ಹುಟ್ಟಿಸುವುದು ಯಾವುದು ಎಂದು ಕೇಳಿದರೆ ಟೇಪ್ ಎಬ್ಬಿಸುವುದು, ಅನುಮಾನವೇ ಬೇಡ.

ಆದರೆ ಇಲ್ಲೊಂದು ಗೆರೆ ಎಳೆಯಬೇಕು. ಅಂತರ್ಜಾಲದಿಂದ ಇಳಿಸಿದ ಫೈಲು, ಕತ್ತರಿಸಿದ ಬರಿಯ ತುಂಡು, ಅದಕ್ಕೊಂದು ಹುಕ್ಕು, ಇಷ್ಟನ್ನೇ ತಂದು ಕರಕುಶಲ ಎನ್ನುವವರೂ ಇದ್ದಾರೆ. ಅವರ ವಿಷಯದಲ್ಲಿ ಗುಂಡಿ ಒತ್ತುವ ಆಕ್ಷೇಪ ಅಕ್ಷರಶಃ ನಿಜ. ಅವರ ಪರವಾಗಿ ನಾನು ವಾದಿಸುತ್ತಿಲ್ಲ.

‘ಇನ್ನೊಬ್ಬರ ಅಂಗಡಿಯಲ್ಲಿ ಕತ್ತರಿಸಿಸಿದ್ದು ನಿಮ್ಮದು ಹೇಗಾಯಿತು?’ ಎಂಬ ಉಪ-ಆಕ್ಷೇಪವೊಂದಿದೆ. ಸ್ವಂತ ಯಂತ್ರ ಕೊಳ್ಳಲಾಗದವರು ನಾಮಫಲಕ, ಟ್ರೋಫಿ ಮಾಡುವ ಅಂಗಡಿಗೆ ಫೈಲು ಕೊಟ್ಟು ನಿಮಿಷದ ಲೆಕ್ಕದಲ್ಲಿ ಕತ್ತರಿಸಿಕೊಂಡು ಬರುವುದುಂಟು. ಇಳಕಲ್ಲಿನ ನೇಕಾರರು ರೇಷ್ಮೆ ತಾವೇ ಬಿಚ್ಚಿ ನೂಲು ತೆಗೆಯುವುದಿಲ್ಲ. ಅಕ್ಕಸಾಲಿಗರು ತಂತಿಯನ್ನೂ ತಗಡನ್ನೂ ಹೊರಗೆ ಎಳೆಸಿ ತರುತ್ತಾರೆ. ಇದಕ್ಕಿಂತ ಹೆಚ್ಚಿನ ಉತ್ತರ ಈ ಮಾತಿಗೆ ಬೇಕಿಲ್ಲ.

ಮೂರನೆಯದು: ಎಲ್ಲವೂ ಒಂದೇ ಅಚ್ಚು, ಜೀವಕಳೆ ಇಲ್ಲ. ಜೀವಕಳೆಯ ಬಗ್ಗೆ ವಾದ ಮಾಡಿ ಯಾರೂ ಯಾರನ್ನೂ ಒಪ್ಪಿಸಿದ್ದಿಲ್ಲ. ಅಚ್ಚಿನ ವಿಷಯಕ್ಕೆ ಮಾತ್ರ ಹೇಳುತ್ತೇನೆ: ಬಟ್ಟೆಗೆ ಒತ್ತುವ ಮರದ ಅಚ್ಚು, ಹೊಸ್ತಿಲ ಮುಂದಿನ ರಂಗೋಲಿ ತಟ್ಟೆ, ಚಕ್ಕುಲಿ ಒರಳು ಎಲ್ಲವೂ ಒಂದೇ ಥರದ್ದನ್ನು ಮತ್ತೆ ಮತ್ತೆ ತೆಗೆಯಲೆಂದೇ ಹುಟ್ಟಿದ್ದು. ಓಲೆಯಂತೂ ಜೋಡಿಯಾಗಿಯೇ ಮಾರಾಟವಾಗುವ ವಸ್ತು. ಎಡಗಿವಿಯದು ಬಲಗಿವಿಯದಕ್ಕೆ ಹೊಂದದಿದ್ದರೆ ಇದೇ ವಿಮರ್ಶಕರು ವಾಪಸ್ ಕೊಡುತ್ತಾರೆ.

ಈಗ ನಾಲ್ಕನೆಯದು. ಉಳಿದವೆಲ್ಲ ಒಂದು ತೂಕವಾದರೆ ಇದೇ ಒಂದು ತೂಕ: ಲೇಸರ್ ಬಂದು ಸಾಂಪ್ರದಾಯಿಕ ಕುಶಲಕರ್ಮಿಗಳ ಹೊಟ್ಟೆಯ ಮೇಲೆ ಹೊಡೆಯುತ್ತಿದೆ.

ನಾನಿರುವ ಊರಿನ ಉದಾಹರಣೆಯಿಂದಲೇ ಶುರುಮಾಡುತ್ತೇನೆ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಬೀಟೆಯ ಹಲಗೆಯಲ್ಲಿ ಚಿತ್ರ ಗುರುತು ಮಾಡಿ, ಬೇರೆ ಬೇರೆ ಬಣ್ಣದ ಮರಗಳನ್ನು ಸಣ್ಣ ಗರಗಸದಲ್ಲಿ ಆ ಆಕಾರಕ್ಕೆ ಕೊಯ್ದು, ಹಲಗೆಯಲ್ಲಿ ಉಳಿಯಿಂದ ಗುಳಿ ತೋಡಿ ಕೂರಿಸುತ್ತಾರೆ. ಒಂದು ಕಾಲಕ್ಕೆ ಆನೆದಂತ ಕೂರಿಸುತ್ತಿದ್ದರು. ದಂತದ ವ್ಯಾಪಾರಕ್ಕೆ ಕಾನೂನು ಬೀಗ ಹಾಕಿದ ಮೇಲೆ ಮರದ ಸಹಜ ಬಣ್ಣಗಳೇ ಕೆಲಸ ಮಾಡಬೇಕಾಯಿತು, ಹಲಸಿನ ಹಳದಿ ಆಕಾಶವಾಯಿತು, ಬಿಸಿಲಾಯಿತು. ಈ ಕೆಲಸವನ್ನು ನನ್ನ ಯಂತ್ರ ಕಿತ್ತುಕೊಳ್ಳಬಲ್ಲದೇ? ಲೇಸರ್ ಕೊಯ್ದ ಹಲಸಿನ ತುಂಡಿನ ಅಂಚು ಸುಟ್ಟು ಕಪ್ಪಾಗುತ್ತದೆ. ಅದನ್ನು ಕೂರಿಸಿದರೆ ಪ್ರತಿ ಆಕಾರದ ಸುತ್ತ ಕಾಡಿಗೆ ಬಳಿದಂಥ ಗೆರೆ. ಆ ಕಪ್ಪು ಹೋಗುವವರೆಗೆ ಉಜ್ಜಿದರೆ ತುಂಡು ಸಣ್ಣದಾಗಿ ಸಂದು ಬಿಡುತ್ತದೆ. ಗರಗಸದವರ ಕೆಲಸ ಪಕ್ಕದಲ್ಲಿಟ್ಟರೆ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಬೀದರಿನ ಬಿದ್ರಿಯನ್ನು ತೆಗೆದುಕೊಳ್ಳಿ: ಸತು, ತಾಮ್ರದ ಎರಕ, ಮೇಲೆ ಕೆತ್ತನೆ, ಅದರೊಳಗೆ ಬಡಿದು ಕೂರಿಸುವ ಬೆಳ್ಳಿ, ಕೊನೆಗೆ ಬೀದರ್ ಕೋಟೆಯ ಮಣ್ಣಿನ ದ್ರಾವಣದಲ್ಲಿ ಬರುವ ಕಪ್ಪು. ನನ್ನ ಬಳಿಯ ಲೇಸರಿನ ಕಿರಣ ಬೆಳ್ಳಿಯನ್ನು ಮುಟ್ಟಿದರೆ ಕತ್ತರಿಸುವುದಿಲ್ಲ, ಪ್ರತಿಫಲಿಸಿ ಹಿಂದಿರುಗುತ್ತದೆ. ಚನ್ನಪಟ್ಟಣದ ದುಂಡು ಬೊಂಬೆಯನ್ನು ಚಪ್ಪಟೆ ಹಾಳೆ ಕತ್ತರಿಸುವ ಯಂತ್ರ ಮಾಡಲಾರದು. ಕಿನ್ನಾಳದ ಗೊಂಬೆಗಳ ಹತ್ತಿರಕ್ಕೂ ಅದು ಬರಲಾರದು.

ಹಾಗಾದರೆ ಬೊಂಬೆಯವರ ಹೊಟ್ಟೆಯ ಮೇಲೆ ಹೊಡೆದವರು ಯಾರು? ರಾಶಿರಾಶಿಯಾಗಿ ಬಂದಿಳಿದ ಅಗ್ಗದ ಪ್ಲಾಸ್ಟಿಕ್ ಆಟಿಕೆ. ಸರ್ಕಾರ 2020ರಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ ಶೇ 60ಕ್ಕೆ ಏರಿಸಿದ್ದು, 2021ರ ಜನವರಿಯಿಂದ ಗುಣಮಟ್ಟದ ಮುದ್ರೆ ಕಡ್ಡಾಯ ಮಾಡಿದ್ದು, ಅದರಿಂದ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿ ಇರುವ ಆಟಿಕೆಗಳಿಗೂ ವಿನಾಯಿತಿ ಕೊಟ್ಟಿದ್ದು, ಇವೆಲ್ಲ ಆ ಹೊಡೆತವನ್ನು ನೋಡಿಯೇ. ಮನೆಯ ಹಿಂದಿನ ಕೋಣೆಯಲ್ಲಿ ಓಲೆ ಮಾಡುವವರನ್ನು ನೋಡಿ ಅಲ್ಲ. ಬೀಟೆಯವರಿಗೆ ಮರದ ಬೆಲೆ, ಮರ ಸಿಗುವುದರ ಕಷ್ಟ, ಕಲಿಯಲು ಬಾರದ ಮಕ್ಕಳು, ಇವು ತೊಂದರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಬೇಡಿ.

ಈ ಉತ್ತರ ಪೂರ್ತಿಯಲ್ಲ, ಬಲ್ಲೆ. ಅಗ್ಗದ ಹಲಗೆಗೆ ಇನ್‌ಲೇ ಚಿತ್ರವನ್ನು ಲೇಸರ್‌ನಲ್ಲಿ ಕೆತ್ತಿ, ಬಣ್ಣ ತುಂಬಿ, ‘ಮೈಸೂರು ಬೀಟೆ ಕೆಲಸ’ ಎಂದು ಪ್ರವಾಸಿಗರಿಗೆ ಮಾರಿದರೆ ಅದು ಮೋಸ. ಕಪ್ಪು ಅಕ್ರಿಲಿಕ್ ಮೇಲೆ ಬಿದ್ರಿಯ ಬಳ್ಳಿ ಗೀರಿ ಬಿದ್ರಿ ಎಂದರೂ ಮೋಸ. ನೇಕಾರರಿಗೆ 1985ರ ಕೈಮಗ್ಗ ಕಾಯ್ದೆ ಇದೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟು ವಿದ್ಯುತ್ ಮಗ್ಗಕ್ಕೆ ನಿಷೇಧಿಸಿದ ಕಾಯ್ದೆ ಅದು. ಮರದ ಕೆಲಸಕ್ಕೆ ಅಂಥ ಮೀಸಲಾತಿ ಇಲ್ಲ, ಇರುವುದು ಭೌಗೋಳಿಕ ಸೂಚಿಯ ಕಾಯ್ದೆ. ಅದನ್ನು ಬಳಸಿ ನಕಲಿಗಳ ಮೇಲೆ ದೂರು ಕೊಡಿ. ಎದುರು ಪಕ್ಷದವರು ಆ ದೂರು ಬರೆದರೆ ಮೊದಲ ಸಹಿಗಳಲ್ಲಿ ನನ್ನದೂ ಇರುತ್ತದೆ. ಆದರೆ ಬೀಟೆಯ ಹೆಸರೂ ಹೇಳದ, ಬಿದ್ರಿಯ ಬಳ್ಳಿಯೂ ಕದಿಯದ, ಸ್ವಂತ ಚಿತ್ರದ ಓಲೆಗೆ ಆ ಶಿಕ್ಷೆ ಏಕೆ?

ಇದರ ಬೆನ್ನಿಗೇ ಬರುವ ಇನ್ನೊಂದು ಮಾತು ನನಗೆ ಅಸಮಾಧಾನ ತರುವಂಥದು: ‘ಈಗ ಯಾರು ಬೇಕಾದರೂ ಕುಶಲಕರ್ಮಿ ಆಗಿಬಿಡುತ್ತಾರೆ.’ ಹೌದು, ಆಗುತ್ತಾರೆ. ಅದರಲ್ಲಿ ತಪ್ಪೇನು? ಗರಗಸ, ಉಳಿ, ಕುಲುಮೆಗಳ ವಿದ್ಯೆ ನಮ್ಮಲ್ಲಿ ಬಹಳ ಕಾಲ ಮನೆತನದೊಳಗೇ, ತಂದೆಯಿಂದ ಮಗನಿಗೆ ಹರಿದು ಬಂದದ್ದು. ಆ ಮನೆಗಳ ಹೆಣ್ಣುಮಕ್ಕಳಿಗೂ ಮೇಜಿನ ಮುಂದಿನ ಜಾಗ ಸಿಕ್ಕಿದ್ದು ಅಪರೂಪ. ಹೊರಗಿನವರ ಮಾತು ಕೇಳುವುದೇ ಬೇಡ. ಚಿತ್ರ ಬರೆಯಬಲ್ಲ, ಆದರೆ ಗರಗಸ ಹಿಡಿಯಲು ಯಾರೂ ಕಲಿಸದ ಒಬ್ಬ ಹೆಂಗಸು ಈಗ ಪೇಟೆಯ ಅಂಗಡಿಯಲ್ಲಿ ತನ್ನ ಚಿತ್ರ ಕತ್ತರಿಸಿಕೊಂಡು ಬಂದು, ಊಟದ ಮೇಜಿನ ಮೇಲೆ ಬಣ್ಣ ಬರೆದು, ವಾರಾಂತ್ಯದ ಸಂತೆಯಲ್ಲಿ ಮಾರುತ್ತಾಳೆ. ಪರಂಪರೆಯ ಕಸುಬಿನ ಮೇಲಿನ ಗೌರವವನ್ನೇ ಇವಳನ್ನು ಬಾಗಿಲಲ್ಲಿ ತಡೆಯುವ ಕೋಲಾಗಿ ಬಳಸುವುದು ನ್ಯಾಯವಲ್ಲ.

ವಿನ್ಯಾಸ ಕದಿಯುತ್ತಾರೆ ಎಂಬ ಆಕ್ಷೇಪಕ್ಕೆ ಬರುತ್ತೇನೆ. ಕದಿಯುತ್ತಾರೆ. ಫೈಲು ಒಬ್ಬರ ಕೈಗೆ ಸಿಕ್ಕರೆ ಸಂಜೆಯೊಳಗೆ ಊರೆಲ್ಲ ಹರಿದಾಡುತ್ತದೆ. ಗರಗಸದ ಕೆಲಸವನ್ನು ನಕಲು ಮಾಡಲು ಕಳ್ಳನಿಗೂ ಗರಗಸ ಬರಬೇಕಿತ್ತು, ಇಲ್ಲಿ ಅದೂ ಬೇಡ. ಈ ವ್ಯತ್ಯಾಸ ನಿಜವಾದದ್ದು. ಆದರೆ ಕಳವಿನಿಂದ ಮೊದಲು ನಷ್ಟವಾಗುವುದು ಸ್ವಂತ ಚಿತ್ರ ಬರೆಯುವ ನಮಗೇ. ಈ ಕಸುಬಿನ ಎಷ್ಟೋ ಜನಕ್ಕೆ ಗೊತ್ತಿಲ್ಲದ ಕಾನೂನೊಂದಿದೆ, ಇಲ್ಲಿ ಹೇಳಿಬಿಡುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ವಿನ್ಯಾಸವೆಂದು ನೋಂದಾಯಿಸಬಹುದಾಗಿದ್ದರೂ ನೋಂದಾಯಿಸದೆ ಬಿಟ್ಟದ್ದನ್ನು ಅದರ ಒಡೆಯರು ಅಥವಾ ಅವರ ಅನುಮತಿ ಪಡೆದವರು ಔದ್ಯಮಿಕ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದೊಡನೆ ಅದರ ಮೇಲಿನ ಕೃತಿಸ್ವಾಮ್ಯ ಮುಗಿಯುತ್ತದೆ. ನಿಮ್ಮ ಓಲೆ ಚೆನ್ನಾಗಿ ಮಾರಾಟವಾಗತೊಡಗಿದ ಹೊತ್ತಿಗೇ ರಕ್ಷಣೆ ಕಳಚುತ್ತದೆ ಎಂದರ್ಥ. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ, ಬೇಕಾದರೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ, ಆದರೆ ಮಾರಾಟಕ್ಕೆ ಇಡುವ ಮೊದಲೇ ಅರ್ಜಿ ಹಾಕಬೇಕು. ಸಂತೆಯವರಿಗೆ ಕಳವಿನ ಬಗ್ಗೆ ಕಾಳಜಿ ಇರುವುದಾದರೆ ಒಂದು ಸುಲಭದ ಕೆಲಸವಿದೆ: ಮಳಿಗೆ ಕೇಳಿದವರಿಂದ ಅವರ ಕೈಬರಹದ ಮೊದಲ ಚಿತ್ರಗಳನ್ನು ತರಿಸಿಕೊಳ್ಳಲಿ. ಸ್ವಂತದ್ದು ಬರೆದವರ ಬಳಿ ಹೊಡೆದು ತಿದ್ದಿದ ಹಾಳೆಗಳು ರಾಶಿ ಇರುತ್ತವೆ. ಇಳಿಸಿಕೊಂಡವರ ಬಳಿ ಒಂದೂ ಇರುವುದಿಲ್ಲ.

ಕೊನೆಯದು ಹೊಗೆ. ಇದರಲ್ಲಿ ಎದುರು ಪಕ್ಷದವರು ಹೇಳುವುದಕ್ಕಿಂತ ಹೆಚ್ಚನ್ನು ನಾನೇ ಹೇಳಬಲ್ಲೆ. ಎಂಡಿಎಫ್ ಹಲಗೆಯನ್ನು ಹಿಡಿದಿಟ್ಟಿರುವ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ. ಅದು ಕ್ಯಾನ್ಸರ್‌ಕಾರಕವೆಂದು ಖಚಿತವಾದ ರಾಸಾಯನಿಕಗಳ ಪಟ್ಟಿಯಲ್ಲಿದೆ. ಸುಟ್ಟಾಗ ಹೊಗೆಯಲ್ಲಿ ಹೊರಬರುತ್ತದೆ. ರೆಕ್ಸಿನ್‌ನಂಥ ಪಿವಿಸಿ ಬೆರೆತ ಹಾಳೆಯನ್ನು ಲೇಸರ್‌ಗೆ ಹಾಕಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಶ್ವಾಸಕೋಶವನ್ನೂ ಸುಡುತ್ತದೆ, ಯಂತ್ರದ ಕಬ್ಬಿಣವನ್ನೂ ತಿನ್ನುತ್ತದೆ. ಅದನ್ನು ‘ಚರ್ಮದ ಓಲೆ’ ಎಂದು ಮಾರುವವರು ಕೊಳ್ಳುವವರಿಗೆ ಮೊದಲು ಅಲ್ಲ, ಯಂತ್ರದ ಮುಂದೆ ಕೂತ ತಮ್ಮ ಕೆಲಸದ ಹುಡುಗನಿಗೆ ಮೊದಲು ಅನ್ಯಾಯ ಮಾಡುತ್ತಿದ್ದಾರೆ. ಮುಚ್ಚಿದ ಕೋಣೆಯಲ್ಲಿ, ಹೊಗೆ ಹೊರಹಾಕುವ ಫ್ಯಾನಿಲ್ಲದೆ, ಕಿಟಕಿಗೆ ಪರದೆ ಎಳೆದು ಈ ಕೆಲಸ ಮಾಡುವ ಅಂಗಡಿಗಳಿವೆ. ಪಕ್ಕದ ಮನೆಯವರ ಕಿಟಕಿಗೆ ಹೊಗೆಕೊಳವೆ ತಿರುಗಿಸಿದವರೂ ಇದ್ದಾರೆ. ಇದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ. ಪ್ರತಿವಾದವೂ ಅಲ್ಲ, ಒಂದು ವಿವರ ಮಾತ್ರ ಸೇರಿಸುತ್ತೇನೆ: ಅಕ್ಕಸಾಲೆಯ ಆಸಿಡ್ ಹಬೆ, ಲೇತ್‌ನ ಮರದ ಧೂಳು, ಬಣ್ಣದ ಸೀಸ ಇವುಗಳೂ ಕಸುಬಿನವರ ಆರೋಗ್ಯವನ್ನು ತಿಂದಿವೆ. ಚನ್ನಪಟ್ಟಣದಲ್ಲಿ ಗಿಡಮೂಲಿಕೆಯ ಬಣ್ಣಗಳನ್ನು ಮತ್ತೆ ಹಿಡಿದವರು ಆ ಪಾಠ ಕಲಿತವರು. ನಾವೂ ಕಲಿಯಬೇಕು. ಎಂಡಿಎಫ್ ಬಿಟ್ಟು ಗಟ್ಟಿ ಮರದ ತೆಳು ಹಾಳೆಗೆ ಬಂದರೆ ಖರ್ಚು ಹೆಚ್ಚು, ಹಾಳಾಗುವುದೂ ಹೆಚ್ಚು. ಆದರೂ ನಾನು ಆ ಕಡೆಗೇ ಹೊರಟಿದ್ದೇನೆ.

ಹಾಗಾಗಿ ಸಂತೆ ನಡೆಸುವವರಲ್ಲಿ ನನ್ನ ಕೋರಿಕೆ ಇದು. ಅರ್ಜಿಯಿಂದ ‘ಲೇಸರ್ ವಸ್ತುಗಳಿಗೆ ಪ್ರವೇಶವಿಲ್ಲ’ ಎಂಬ ಸಾಲನ್ನು ತೆಗೆದು, ಆ ಜಾಗದಲ್ಲಿ ನಾಲ್ಕು ಪ್ರಶ್ನೆ ಹಾಕಿ: ಚಿತ್ರ ಯಾರದು, ಯಾವ ಹಂತ ಯಂತ್ರದ್ದು, ಯಾವುದು ಕೈಯದು, ಮರ ಯಾವುದು. ಲೇತ್‌ನವರಿಗೂ, ಹೊಲಿಗೆ ಯಂತ್ರದವರಿಗೂ, ಅಚ್ಚು ಎರಕದ ಒಡವೆಯವರಿಗೂ ಅದೇ ಪ್ರಶ್ನೆಗಳಿರಲಿ. ಉತ್ತರಗಳನ್ನು ಮಳಿಗೆಯ ಮುಂದೆ ದೊಡ್ಡಕ್ಷರದಲ್ಲಿ ತೂಗುಹಾಕಬೇಕೆಂಬ ಷರತ್ತು ಸೇರಿಸಿ; ಸುಳ್ಳು ಬರೆದವರನ್ನು ಮರುವರ್ಷ ಕರೆಯಬೇಡಿ. ಕೊಳ್ಳುವವರು ಓದಿಕೊಂಡು, ಬೇಕಾದರೆ ಕೊಳ್ಳಲಿ, ಬೇಡವಾದರೆ ಕೆಳಗಿಡಲಿ.